ವ್ಯಾಧಿ ರಟ್ಟು ಮಾಡುವವರು ಯಾರು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ಮತ್ತು ಸರ್ಕಾರಿ ಆಸ್ಪತ್ರೆಯ ಕಿಟಕಿಯ ಮುಂದೆ ಒಮ್ಮೆಯಾದರೂ ಚೀಟಿಗೆ ನಿಂತ ಎಲ್ಲರಿಗೂ,

ನಮಸ್ಕಾರ.

ಕಳೆದ ಮಳೆಗಾಲದ ಒಂದು ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದೆ. ಪೊಟ್ಟಣ ಬಿಚ್ಚಿ ಮಿರ್ಚಿ ತಟ್ಟೆಗೆ ಹಾಕಿ ಕಾಗದ ಮುದುರಬೇಕು, ಅಷ್ಟರಲ್ಲಿ ಕೈ ನಿಂತಿತು. ಎಣ್ಣೆ ಕುಡಿದು ಆಚೆ ಬದಿ ಕಾಣುವಂತಾಗಿದ್ದ ಆ ಹಾಳೆಯ ಮೇಲಿದ್ದದ್ದು ನನ್ನದೇ ಅಕ್ಷರ. ನಾನು 29 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದವಳು. ಅದು ಗರ್ಭಿಣಿಯರ ರಕ್ತಪರೀಕ್ಷೆಯ ರಿಜಿಸ್ಟರಿನ ಹಾಳೆ. 14 ಹೆಸರು. ಪ್ರತಿ ಹೆಸರಿನ ಪಕ್ಕ ಗಂಡನ ಹೆಸರು, ವಯಸ್ಸು, ಊರು, ಎಷ್ಟನೇ ತಿಂಗಳು, ರಕ್ತದ ಗುಂಪು, ಹಿಮೋಗ್ಲೋಬಿನ್. ಕೊನೆಯ ಕಾಲಂ ವಿಡಿಆರ್‌ಎಲ್. 13 ಹೆಸರಿನ ಮುಂದೆ 'ನಾನ್ ರಿಯಾಕ್ಟಿವ್'. ಒಂದರ ಮುಂದೆ 'ರಿಯಾಕ್ಟಿವ್', ಅದರ ಕೆಳಗೆ ಕೆಂಪು ಗೆರೆ. ಗೆರೆ ಎಳೆದವಳೂ ನಾನೇ.

ವಿಡಿಆರ್‌ಎಲ್ ಅಂದರೆ ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಮಾಡುವ ಮೊದಲ ಹಂತದ ಪರೀಕ್ಷೆ. ಬಸಿರಿಯರಲ್ಲಿ ರೋಗ ಇಲ್ಲದೆಯೂ ಅದು ರಿಯಾಕ್ಟಿವ್ ಬರುವುದುಂಟು. ಅದಕ್ಕೇ ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತೇವೆ. ಆ ಎರಡನೆಯ ಫಲಿತಾಂಶ ಬೇರೆ ರಿಜಿಸ್ಟರಿನಲ್ಲಿರುತ್ತದೆ. ಮಿರ್ಚಿ ಕಾಗದದಲ್ಲಿ ಇರಲಿಲ್ಲ. 22 ವರ್ಷ ಎಂದು ಬರೆದಿದ್ದ ಆ ಹುಡುಗಿ ಈಗ ಮೂವತ್ತು ದಾಟಿರಬೇಕು. ಅವಳ ಊರು ನಮ್ಮೂರಿನಿಂದ ಆರು ಕಿಲೋಮೀಟರ್. ಅಲ್ಲಿಯ ಜನ ಸಂತೆಗೆ ಬರುವುದು ಇಲ್ಲಿಗೇ, ಮಿರ್ಚಿ ಕಟ್ಟಿಸಿಕೊಳ್ಳುವುದೂ ಅದೇ ಅಂಗಡಿಯಲ್ಲಿ.

'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂಬ ಗಾದೆ ತಮಗೂ ಗೊತ್ತು. ಕೆಲಸದಲ್ಲಿದ್ದಾಗ ಇದನ್ನು ನಾನೇ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬಿಳಿಸೆರಗು ಹೋಗುತ್ತಿದ್ದರೂ ನಾಚಿಕೆಯಿಂದ ಬಾಯಿ ಬಿಡದ ಹೆಂಗಸರಿಗೆ, ಕೆಮ್ಮಿದಾಗ ರಕ್ತ ಬಿದ್ದದ್ದನ್ನು ಮಗನಿಂದ ಮುಚ್ಚಿಟ್ಟ ಮುದುಕರಿಗೆ ಹೇಳಿದ್ದೇನೆ. ಗಾದೆ ಮಾತಾಡುವುದು ರೋಗಿಯ ಜೊತೆ: ಹೇಳಿಕೋ, ಮದ್ದು ಸಿಗುತ್ತೆ ಅಂತ. ರೋಗಿಯ ಬೆನ್ನ ಹಿಂದೆ ಉಳಿದವರೆಲ್ಲ ರಟ್ಟು ಮಾಡಿ ಅಂತ ಅದು ಎಲ್ಲೂ ಹೇಳಿಲ್ಲ. ನಮ್ಮ ಆಸ್ಪತ್ರೆಗಳು ಮಾತ್ರ ಅದನ್ನು ಹಾಗೆ ಓದಿಕೊಂಡಿವೆ.

ರೋಗಿಯ ಮಾಹಿತಿ ಸೋರಿಕೆ ಅಂದಕೂಡಲೇ ಎಲ್ಲರಿಗೂ ಹ್ಯಾಕರ್ ನೆನಪಾಗುತ್ತಾನೆ. ಸುಳ್ಳಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ಗೆ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ಕಳ್ಳ ತಂತ್ರಾಂಶ) ಹೊಕ್ಕಿತು, ಐದು ಸರ್ವರು ಕೆಟ್ಟವು, ದೇಶದ ದೊಡ್ಡಾಸ್ಪತ್ರೆ ಸುಮಾರು ಎರಡು ವಾರ ಕೈಬರಹದ ಚೀಟಿಗೆ ಮರಳಿತು. 2025ರ ಫೆಬ್ರುವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿಯಿಂದ, ವೈದ್ಯರ ಮುಂದೆ ಮಲಗಿದ್ದ ಹೆಂಗಸರ ದೃಶ್ಯಗಳು ಯೂಟ್ಯೂಬಿಗೂ ಟೆಲಿಗ್ರಾಮಿಗೂ ಹೋದವು. ಅದನ್ನು ಓದಿದ ದಿನ ನನಗೆ ಮೊದಲು ಕಾಡಿದ ಪ್ರಶ್ನೆ ಹ್ಯಾಕರನದಲ್ಲ. ಹೆಂಗಸರನ್ನು ಪರೀಕ್ಷೆ ಮಾಡುವ ಕೋಣೆಗೆ ಕ್ಯಾಮೆರಾ ಹಾಕಿಸಿದವರು ಯಾರು, ಏತಕ್ಕೆ?

ಏಮ್ಸ್‌ನದು ನಮ್ಮಂಥವರ ಅಳವಿಗೆ ಮೀರಿದ ಕಥೆ. ನನಗೆ ತೀರಾ ಪರಿಚಿತ ಅನ್ನಿಸಿದ್ದು ಇನ್ನೊಂದು. 2024ರ ಜುಲೈನಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯ ರೋಗಿಗಳ ಹೆಸರಿದ್ದ ಕಾಗದಗಳಿಂದ ಮಾಡಿದ ಪೇಪರ್ ತಟ್ಟೆಗಳ ವಿಡಿಯೋ ಬಂತು. ಗುಜರಿಗೆ ಹಾಕಿದ್ದ ಹಳೆಯ ಸ್ಕ್ಯಾನಿಂಗ್ ಫೋಲ್ಡರುಗಳು ಎಂದು ಆಸ್ಪತ್ರೆಯವರು ಸಮಜಾಯಿಷಿ ಕೊಟ್ಟರು. ಆಮೇಲೆ ಸಿಬ್ಬಂದಿಗೆ ನೋಟಿಸ್ ಹೋಯಿತು. ಅಲ್ಲಿ ತಟ್ಟೆ, ಇಲ್ಲಿ ಪೊಟ್ಟಣ. ಹ್ಯಾಕರ್ ಬೇಕಾಗಲಿಲ್ಲ, ತಕ್ಕಡಿ ಸಾಕಾಯಿತು.

ಈಗ ಕಾನೂನಿಗೆ ಬರೋಣ. ನಾನು ವಕೀಲಳಲ್ಲ, ಆದರೆ ಆ ಹಾಳೆ ಸಿಕ್ಕ ಮೇಲೆ ಮಗಳ ಕೈಲಿ ಪ್ರಿಂಟ್ ತೆಗೆಸಿ ಕನ್ನಡಕ ಹಾಕಿಕೊಂಡು ಕುಳಿತು ಓದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮವರೇ: ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಅದೇ 2017ರಲ್ಲಿ ಬಂದ ಎಚ್‌ಐವಿ ಕಾಯ್ದೆ, ತಾನೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ, ರೋಗಿಯ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಅವರ ಸ್ಥಿತಿಯನ್ನು ಯಾರಿಗೂ ತಿಳಿಸುವಂತಿಲ್ಲ ಎನ್ನುತ್ತದೆ. ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ರೋಗಿಯ ಗೋಪ್ಯತೆಗೆಂದೇ ಇದೆ. ಇವೆರಡೂ ಗಟ್ಟಿ ಕಾಯ್ದೆಗಳೇ.

ಉಳಿದ ರೋಗಗಳವರಿಗೆ? ಅವರಿಗಾಗಿ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 'ದಿಶಾ' ಹೆಸರಿನ ಕರಡು ಮಸೂದೆ ಹೊರಡಿಸಿತ್ತು, ಆರೋಗ್ಯ ಮಾಹಿತಿಯ ರಕ್ಷಣೆಗೇ ಮೀಸಲಾದದ್ದು. ಅದು ಕಾಯ್ದೆಯಾಗಲಿಲ್ಲ. ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ. ಮಾಹಿತಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ! ಓದಿ ಖುಷಿಯಾಯಿತು. ಮುಂದೆ ಓದಿದ ಹಾಗೆ ಖುಷಿ ಇಳಿಯಿತು.

ಮೊದಲನೆಯದಾಗಿ ಅದು ಡಿಜಿಟಲ್ ಮಾಹಿತಿಗೆ ಮಾತ್ರ. ಕಂಪ್ಯೂಟರಿಗೆ ಏರದ ಕಾಗದ ಅದರ ಲೆಕ್ಕಕ್ಕಿಲ್ಲ. ನನ್ನ ಮಿರ್ಚಿ ಹಾಳೆ ಅಲ್ಲಿಗೇ ಹೊರಬಿತ್ತು. ಇನ್ನೊಂದು, 2011ರ ಹಳೆಯ ಐಟಿ ನಿಯಮಗಳಲ್ಲಿ ವೈದ್ಯಕೀಯ ದಾಖಲೆಗೆ 'ಸೂಕ್ಷ್ಮ ಮಾಹಿತಿ' ಎಂಬ ಬೇರೆ ಪಂಕ್ತಿ ಇತ್ತು. ಹೊಸ ಕಾಯ್ದೆಯಲ್ಲಿ ಆ ಪಂಕ್ತಿಯೇ ಇಲ್ಲ. ಮೊಬೈಲ್ ಅಂಗಡಿಯವನಿಗೆ ಕೊಟ್ಟ ಫೋನ್ ನಂಬರೂ ಗರ್ಭಪಾತದ ಕೇಸ್ ಶೀಟೂ ಒಂದೇ ಸಾಲಿನ ಊಟಕ್ಕೆ ಕೂತಿವೆ. ಇನ್ನು ದಂಡ: ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ಮಾನ ಹೋದದ್ದು ರೋಗಿಯದು, ದುಡ್ಡು ಹೋಗುವುದು ದೆಹಲಿಗೆ. ಕಂಪನಿಗಳಿಂದ ಪರಿಹಾರ ಕೇಳಲು ಐಟಿ ಕಾಯ್ದೆಯಲ್ಲಿದ್ದ 43ಎ ಸೆಕ್ಷನ್ನನ್ನೂ ಈ ಕಾಯ್ದೆ ತೆಗೆದುಹಾಕುತ್ತದೆ. ಅದರ ಮೇಲೆ, ಸುಳ್ಳು ದೂರು ಅನ್ನಿಸಿದರೆ ದೂರು ಕೊಟ್ಟವರಿಗೇ 10,000 ರೂಪಾಯಿವರೆಗೆ ದಂಡ. ನಮ್ಮೂರಿನ ಕೂಲಿಯವಳು ಇದನ್ನು ಕೇಳಿದ ಮೇಲೂ ದೂರು ಕೊಡುತ್ತಾಳೆಯೇ?

ದೆಹಲಿಯ ಕಾಯ್ದೆಯನ್ನು ತಾವು ತಿದ್ದಲಾರಿರಿ, ಗೊತ್ತು. ನಾನು ಬರೆಯುತ್ತಿರುವುದು ತಮ್ಮ ಕೈಯಲ್ಲಿರುವುದನ್ನು ಕುರಿತು. ಅದಕ್ಕೆ ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಬೇರೆಯವರತ್ತ ಬೆರಳು ತೋರಿಸುವವಳು ತಾನು ಮಾಡಿದ್ದನ್ನು ನುಂಗಿಕೊಂಡರೆ ಚೆನ್ನಾಗಿರುವುದಿಲ್ಲ.

2009ರ ಸುಮಾರು. ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಹೆಂಗಸು ಕಫ ಪರೀಕ್ಷೆಗೆ ಬಂದಿದ್ದರು. ಫಲಿತಾಂಶ ಟು ಪ್ಲಸ್, ಅಂದರೆ ಖಂಡಿತ ಟಿಬಿ. ರಿಪೋರ್ಟ್ ಬರೆದು ತಟ್ಟೆಯಲ್ಲಿಟ್ಟಿದ್ದೆ. ಅದೇ ಹಳ್ಳಿಯ ಹುಡುಗನೊಬ್ಬ ತನ್ನ ಸಕ್ಕರೆ ಕಾಯಿಲೆಯ ರಿಪೋರ್ಟಿಗೆ ಬಂದವನು ಅದನ್ನು ನೋಡಿ, "ಮೇಡಂ, ಇವ್ರು ನಮ್ಮೂರೋರೇ. ಕೊಡಿ, ನಾನೇ ಮುಟ್ಟಿಸ್ತೀನಿ. ಪಾಪ, ಇದೊಂದಕ್ಕೆ ಮತ್ತೆ ಬಸ್ ಹತ್ತಬೇಕು" ಅಂದ. ನಿಜಕ್ಕೂ ಒಳ್ಳೆಯ ಹುಡುಗ. ಆಕೆಯ ಬಸ್ ಚಾರ್ಜು ಉಳಿಯಿತಲ್ಲ ಎಂದು ನಾನೂ ಕೊಟ್ಟೆ. ಮಾರನೇ ದಿನ ಆಕೆ ಬಂದಾಗ ಕಣ್ಣು ಊದಿಕೊಂಡಿತ್ತು. ಆಕೆಗೆ ರಿಪೋರ್ಟ್ ತಲುಪುವ ಮೊದಲು ಸುದ್ದಿ ತಲುಪಿತ್ತು, ಅದೂ ಶಾಲೆಯಿಂದ. ಮಕ್ಕಳು ಆಕೆ ಬಡಿಸಿದ್ದನ್ನು ಮುಟ್ಟಲಿಲ್ಲವಂತೆ. ಎರಡು ತಿಂಗಳಿಗೆ ಕಫ ನೆಗೆಟಿವ್ ಬಂತು, ಆರು ತಿಂಗಳಿಗೆ ಚಿಕಿತ್ಸೆ ಮುಗಿಯಿತು, ಕೆಲಸ ಮಾತ್ರ ಮತ್ತೆ ಸಿಗಲಿಲ್ಲ. ನೆಗೆಟಿವ್ ಬಂದ ರಿಪೋರ್ಟನ್ನು ಊರಿಗೆ ಒಯ್ದು ತೋರಿಸುತ್ತೇನೆ ಎಂದು ಮುಂದೆ ಬಂದವರು ಯಾರೂ ಇರಲಿಲ್ಲ. ನನ್ನ ಮೇಲೆ ಯಾರೂ ದೂರು ಕೊಡಲಿಲ್ಲ. ಆಕೆಯೂ ಬೈಯಲಿಲ್ಲ. "ನಿಮ್ಗೇನ್ ಗೊತ್ತು ಬಿಡಿ ಮೇಡಂ, ಒಳ್ಳೇದಕ್ಕೇ ಮಾಡಿದ್ರಿ" ಅಂದರು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ.

ಟಿಬಿ ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು, 2012ರಿಂದ ಅದು ಕಡ್ಡಾಯ. ಮನೆಯವರನ್ನು ಪರೀಕ್ಷೆ ಮಾಡಬೇಕು, ಮಾತ್ರೆ ಬಿಡದಂತೆ ನೋಡಿಕೊಳ್ಳಬೇಕು. ಅದರಲ್ಲಿ ನನ್ನ ತಕರಾರಿಲ್ಲ. ಇಲಾಖೆಗೆ ಗೊತ್ತಾಗುವುದು ಬೇರೆ, ಊರಿಗೆ ಗೊತ್ತಾಗುವುದು ಬೇರೆ. ಆದರೆ ಈಗ ಇಲಾಖೆಯೇ ಊರಿಗೆ ತೋರಿಸುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ನಿಕ್ಷಯ ಮಿತ್ರ ಶುರುವಾಯಿತು. ದಾನಿಗಳು ಟಿಬಿ ರೋಗಿಗಳಿಗೆ ಬೇಳೆ, ಕಾಳು, ಎಣ್ಣೆ ಕೊಡುವ ಯೋಜನೆ. ಒಳ್ಳೆಯದೇ, ಹೊಟ್ಟೆಗೆ ಬೀಳದೆ ಟಿಬಿ ಮಾತ್ರೆ ಅರಗುವುದಿಲ್ಲ. ಆದರೆ ಕಿಟ್ ಕೊಡುವ ದಿನ ನೋಡಿ. ಹಿಂದೆ 'ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರ ಕಿಟ್ ವಿತರಣೆ' ಎಂದು ಬ್ಯಾನರ್, ಮುಂದೆ ಸಾಲಾಗಿ ರೋಗಿಗಳು, ಕಿಟ್ಟಿನ ಒಂದು ತುದಿ ದಾನಿಯ ಕೈಯಲ್ಲಿ ಇನ್ನೊಂದು ತುದಿ ರೋಗಿಯ ಕೈಯಲ್ಲಿ. ಸಂಜೆಗೆ ಫೋಟೋ ವಾಟ್ಸಾಪ್ ಗ್ರೂಪುಗಳಲ್ಲಿ, ಬೆಳಿಗ್ಗೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ. ಹೋದ ವರ್ಷ ನನ್ನ ಫೋನಿಗೆ ಬಂದ ಅಂಥದೊಂದು ಫೋಟೋದಲ್ಲಿ ತುದಿಯಲ್ಲಿ ನಿಂತಿದ್ದ, ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿ ದುಪ್ಪಟ್ಟಾ ಮೂಗಿನವರೆಗೆ ಎಳೆದುಕೊಂಡು ಬೇರೆ ಕಡೆ ನೋಡುತ್ತಿದ್ದಳು. ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದರು. ಕಿಟ್ ಬೇಕು ಎಂದು ಒಪ್ಪಿಗೆ ಕೊಟ್ಟವಳು ಫೋಟೋ ಬೇಕು ಎಂದೂ ಒಪ್ಪಿದಂತಾಯಿತೇ?

ಆಶಾ ಕಾರ್ಯಕರ್ತೆಯರನ್ನು ಇದಕ್ಕೆ ದೂರುವುದು ಅನ್ಯಾಯ. ಮಾಡಿದ ಕೆಲಸಕ್ಕೆ ಫೋಟೋ ಹಾಕು, ಪಟ್ಟಿ ಹಾಕು ಎಂದು ಮೇಲಿನವರು ಕೇಳುತ್ತಾರೆ, ಅವರು ತಮ್ಮದೇ ಫೋನಿನಲ್ಲಿ ಹಾಕುತ್ತಾರೆ. ಹೈರಿಸ್ಕ್ ಗರ್ಭಿಣಿಯರ ಪಟ್ಟಿ, ಸಂತಾನಹರಣ ಚಿಕಿತ್ಸೆಯಾದವರ ಪಟ್ಟಿ, ತಾಯಿ ಕಾರ್ಡಿನ ಫೋಟೋ, ಎಲ್ಲ ಒಂದೇ ಗ್ರೂಪಿನಲ್ಲಿ. ಆ ಫೋನನ್ನು ರಾತ್ರಿ ಮನೆಯಲ್ಲಿ ಮಗ ರೀಲ್ಸ್ ನೋಡಲು ತೆಗೆದುಕೊಳ್ಳುತ್ತಾನೆ. ವರ್ಗವಾಗಿ ಹೋದವರನ್ನು ಗ್ರೂಪಿನಿಂದ ತೆಗೆಯುವವರಿಲ್ಲ. ನಾನು ನಿವೃತ್ತಳಾಗಿ ಎಂಟು ತಿಂಗಳಾದ ಮೇಲೂ ಅಂಥ ಎರಡು ಗ್ರೂಪಿನಲ್ಲಿದ್ದೆ. ಕೊನೆಗೆ ನಾನಾಗಿಯೇ ಹೊರಬಂದೆ. 'ಯಾಕೆ ಮೇಡಂ, ಬೇಜಾರಾಯ್ತಾ?' ಎಂದು ಮೆಸೇಜು ಬಂತು.

ಇದೇ ಸರ್ಕಾರಿ ಅಭ್ಯಾಸ ದೊಡ್ಡದಾಗಿ ಕಂಡದ್ದು 2020ರ ಮಾರ್ಚಿನಲ್ಲಿ. ವಿದೇಶದಿಂದ ಬಂದು ಹೋಮ್ ಕ್ವಾರಂಟೈನಿನಲ್ಲಿದ್ದ ಸಾವಿರಾರು ಜನರ ವಿಳಾಸಗಳನ್ನು, ಮನೆ ನಂಬರ್ ಸಮೇತ, ರಾಜ್ಯ ಸರ್ಕಾರವೇ ಪ್ರಕಟಿಸಿತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಬಿಟ್ಟು ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಭಯದ ಕಾಲ, ಒಪ್ಪುತ್ತೇನೆ. ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸುವ ಪದ್ಧತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಆ ಪಟ್ಟಿಗಳು ವಾಟ್ಸಾಪಿನಲ್ಲಿ ಇನ್ನೂ ಎಲ್ಲೆಲ್ಲಿ ಬಿದ್ದಿವೆಯೋ.

ಸದ್ದಿಲ್ಲದ ಸೋರಿಕೆಯೂ ಒಂದಿದೆ, ಅದು ಬಾಗಿಲಿನದು. ನಾನು ಕೆಲಸ ಮಾಡಿದ ಒಂದು ಕಡೆ ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರ ಇದ್ದದ್ದು ಹನ್ನೊಂದನೇ ನಂಬರ್ ರೂಮಿನಲ್ಲಿ. ಒಳಗೆ ಆಪ್ತ ಸಮಾಲೋಚಕರು ಬೀಗ ಹಾಕಿದ ಬೀರುವಿನಲ್ಲಿ ಫೈಲಿಟ್ಟು ಕಟ್ಟುನಿಟ್ಟಾಗಿ ಕೆಲಸ ಮಾಡುತ್ತಿದ್ದರು. ಏನು ಮಾಡಿ ಏನು? ರೂಮಿನ ಬೆಂಚು ಹೊರರೋಗಿಗಳ ಸಾಲಿಗೆ ಎದುರಾಗಿತ್ತು. 'ಅವನು ಹನ್ನೊಂದಕ್ಕೆ ಹೋಗಿದ್ದನಂತೆ' ಅನ್ನುವುದು ಆ ಊರಲ್ಲಿ ಒಂದು ಮಾತೇ ಆಗಿಹೋಗಿತ್ತು. ಬಸಿರಿಯರಿಗೆಲ್ಲ ಅಲ್ಲೇ ಪರೀಕ್ಷೆ ಆಗಬೇಕು, ಹಾಗಾಗಿ ಕೆಲವರು ಬೆಂಚಿನಲ್ಲಿ ಕೂರದೆ ಮೆಟ್ಟಿಲ ಹತ್ತಿರ ನಿಂತು, ಹೆಸರು ಕೂಗಿದಾಗ ತಾವಲ್ಲ ಎಂಬಂತೆ ನಡೆದು ಬರುತ್ತಿದ್ದರು. ಹೆಸರನ್ನು ಕೂಗುವುದು ಬೇರೆ, ಅದೂ ಗಂಡನ ಹೆಸರು ಸೇರಿಸಿ. ಬೆಂಚನ್ನು ಹಿಂಬದಿಯ ವರಾಂಡಕ್ಕೆ ಹಾಕಿಸಲು ಎರಡು ವರ್ಷ ಹಿಡಿಯಿತು. ಅದಕ್ಕೆ ಖರ್ಚಾದದ್ದು ಇಬ್ಬರು ಗ್ರೂಪ್ ಡಿ ನೌಕರರ ಹತ್ತು ನಿಮಿಷ.

ಇನ್ನು ಕಂಪ್ಯೂಟರು. ನಾಲ್ಕು ಜನ ಬಳಸುವ ಒಂದೇ ಲಾಗಿನ್, ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡು. ಇದನ್ನು ನೋಡದ ಸರ್ಕಾರಿ ನೌಕರರು ಯಾರಾದರೂ ಇದ್ದರೆ ನನಗೆ ತಿಳಿಸಿ. ಡೇಟಾ ಎಂಟ್ರಿ ಮಾಡುವ ಹುಡುಗ ಹೊರಗುತ್ತಿಗೆಯವನು. ಏಜೆನ್ಸಿ ಬದಲಾದರೆ ಅವನು ಹೋಗುತ್ತಾನೆ, ಪಾಸ್‌ವರ್ಡ್ ಅವನ ತಲೆಯಲ್ಲಿ ಹೋಗುತ್ತದೆ. ಇದರ ಮೇಲೆ 14 ಅಂಕಿಯ ಆಭಾ ನಂಬರ್, ಅಂದರೆ ರೋಗಿಯ ಆರೋಗ್ಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಗುರುತಿನ ಸಂಖ್ಯೆ. ಅದು ಐಚ್ಛಿಕ ಎಂದು ಕೇಂದ್ರವೇ ಹೇಳಿದೆ. ಕೌಂಟರಿನಲ್ಲಿ ಕೇಳುವ ದನಿ ಮಾತ್ರ 'ಆಭಾ ಮಾಡಿಸ್ಕೊಂಡ್ ಬಾ, ಆಮೇಲೆ ಚೀಟಿ' ಎಂಬಂತಿರುತ್ತದೆ. ಬೇಡ ಅನ್ನಬಹುದು ಎಂಬ ಒಂದು ಸಾಲನ್ನು ಆ ಕಿಟಕಿಯ ಮೇಲೆ ಕನ್ನಡದಲ್ಲಿ ಬರೆಸಿ, ಸಾಕು.

ಹಾಗಾದರೆ ಏನು ಮಾಡಬೇಕು ಅಂತ ತಾವು ಕೇಳಬಹುದು. ಸಾಫ್ಟ್‌ವೇರ್, ಸಮಿತಿ ಯಾವುದೂ ನನ್ನ ಪಟ್ಟಿಯಲ್ಲಿಲ್ಲ. ಹಳೇ ರಿಜಿಸ್ಟರ್ ವಿಲೇವಾರಿ ಮಾಡುವಾಗ ಈಗ ನೋಡುವುದು ಕಾಗದದ ತೂಕ ಮತ್ತು ಕೆ.ಜಿ.ಗೆ ಬರುವ ರೇಟು. ಹರಾಜಿಗೆ ಮೊದಲು ಕತ್ತರಿಸಿ ಚೂರು ಮಾಡಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ, ತಾಲ್ಲೂಕಿಗೊಂದು ಕಾಗದ ಕತ್ತರಿಸುವ ಯಂತ್ರ ಕೊಡಿ. ಯಾರ ಎದುರು ಚೂರು ಮಾಡಿದರು ಎಂದು ಸಹಿ ಇರಲಿ. ಅವಧಿ ಮೀರಿದ ಔಷಧಿ ನಾಶ ಮಾಡುವಾಗ ನಾವು ಹಾಕುವುದಿಲ್ಲವೇ, ಹಾಗೆ. ಟಿಬಿ ಕಿಟ್ಟಿನ ಫೋಟೋ ನಿಲ್ಲಿಸಿ. ದಾನಿಗೆ ಸಾಕ್ಷಿ ಬೇಕಿದ್ದರೆ ಕಿಟ್ಟುಗಳ ರಾಶಿಯ ಪಕ್ಕ ನಿಲ್ಲಲಿ, ರೋಗಿಯ ಪಕ್ಕ ಬೇಡ. ರಿಪೋರ್ಟನ್ನು ರೋಗಿಗೆ ಅಥವಾ ಚೀಟಿಯ ಹಿಂದೆ ರೋಗಿಯೇ ಬರೆಸಿದ ಒಬ್ಬರಿಗೆ ಮಾತ್ರ ಕೊಡುವ ನಿಯಮ ಇರಲಿ. ಆಗ ನನ್ನಂಥವಳು, 'ಇಲ್ಲಪ್ಪ, ರೂಲ್ಸ್ ಇಲ್ಲ' ಎಂದು ಆ ಒಳ್ಳೆಯ ಹುಡುಗನನ್ನು ಮುಲಾಜಿಲ್ಲದೆ ಕಳಿಸಬಹುದು. ನಿಯಮ ಬೇಕಿರುವುದು ಕೆಟ್ಟವರನ್ನು ಹಿಡಿಯಲಿಕ್ಕಿಂತ ಹೆಚ್ಚಾಗಿ, ಒಳ್ಳೆಯವರಿಗೆ 'ಇಲ್ಲ' ಅನ್ನಲು ಒಂದು ನೆಪಕ್ಕೆ.

ಇನ್ನೊಂದು ಕೇಳಿಕೆ ಸ್ವಲ್ಪ ಕಷ್ಟದ್ದು. ಖಾಸಗಿ ಆಸ್ಪತ್ರೆಯ ಮೇಲೆ ದೂರಿದ್ದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ, ರೋಗಿಗಳ ಹಕ್ಕುಪತ್ರವೂ ಇದೆ. ಸರ್ಕಾರಿ ಆಸ್ಪತ್ರೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿಯ ರೋಗಿ ದೂರು ಒಯ್ಯಬೇಕಾದದ್ದು ಅದೇ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯ ಟೇಬಲಿಗೆ, ನಾಳೆ ಮತ್ತೆ ಔಷಧಿಗೆ ಹೋಗಿ ನಿಲ್ಲಬೇಕಾದ ಜಾಗಕ್ಕೆ. ಗೋಪ್ಯತೆಯ ದೂರುಗಳನ್ನಾದರೂ ಅದೇ ಜಿಲ್ಲಾ ಪ್ರಾಧಿಕಾರದವರು, ರೋಗಿಯ ಹೆಸರು ಹೊರಗೆಡಹದೆ ಕೇಳುವಂತೆ ಮಾಡಲು ಸಾಧ್ಯವೇ ಎಂದು ಕಾನೂನು ಬಲ್ಲವರನ್ನು ಕೇಳಿ ನೋಡಿ. ನನ್ನ ಹಾಳೆಯ 14 ಹೆಂಗಸರಿಗೆ ಅವರ ವಿಷಯ ಹೊರಬಿದ್ದದ್ದು ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೂ ಎಲ್ಲಿಗೆ ಹೋಗಬೇಕು?

ಆ ಸಂಜೆ ಮಿರ್ಚಿ ತಿನ್ನಲಾಗಲಿಲ್ಲ. ಮಳೆಯಲ್ಲೇ ಅಂಗಡಿಗೆ ವಾಪಸ್ ಹೋದೆ. ರಿಜಿಸ್ಟರಿನ ರಟ್ಟು ಕಿತ್ತುಹಾಕಿ, ಹಾಳೆಗಳನ್ನು ಕಬ್ಬಿಣದ ಸರಿಗೆಗೆ ಚುಚ್ಚಿ ನೇತುಹಾಕಿದ್ದರು. ಎಷ್ಟು ಹಾಳೆ ಖರ್ಚಾಗಿದೆ ಎಂದು ಕೇಳಿದೆ. "ಯಾರ್ ಎಣಿಸ್ತಾರೆ ಅಕ್ಕ" ಅಂದರು. ಉಳಿದಿದ್ದನ್ನೆಲ್ಲ ತೂಕ ಹಾಕಿಸಿದೆ: ಮುಕ್ಕಾಲು ಕೆ.ಜಿ. 20 ರೂಪಾಯಿ ಕೊಟ್ಟು ತಂದು, ಬಚ್ಚಲ ಒಲೆಗೆ ಒಂದೊಂದೇ ಹಾಳೆ ಹಾಕಿದೆ. ಮಗಳು ಬಂದು, ಇದೇನಮ್ಮ ಇಷ್ಟು ಹೊತ್ತಿನಲ್ಲಿ ನೀರು ಕಾಯಿಸ್ತಿದ್ದೀಯಾ ಅಂದಳು.

ಅಂಗಡಿಯವರು ಹೇಳಿದ ಪ್ರಕಾರ ಗುಜರಿಯವನ ಹತ್ತಿರ ಅದೇ ಲಾಟಿನಲ್ಲಿ ಅಂಥವು ಇನ್ನೂ ಐದಿದ್ದವು, ಬೇರೆ ಬೇರೆ ಅಂಗಡಿಗಳಿಗೆ ಹೋದವು. ತಾಲ್ಲೂಕಿನ ಹೆಸರನ್ನು ಈ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ. ಆ ಹೆಂಗಸರನ್ನು ಜನ ಹುಡುಕಿಕೊಂಡು ಹೋಗುವುದು ಬೇಡ. ತಮ್ಮ ಕಚೇರಿಗೆ ಬೇರೆ ಮುಚ್ಚಿದ ಲಕೋಟೆಯಲ್ಲಿ ಕಳಿಸಿದ್ದೇನೆ. ಆ ಐದು ರಿಜಿಸ್ಟರು ಯಾವ ಯಾವ ಅಂಗಡಿಯ ಸರಿಗೆಯಲ್ಲಿ ನೇತಾಡುತ್ತಿವೆ ಎಂದು ಯಾರನ್ನಾದರೂ ಕಳಿಸಿ ಹುಡುಕಿಸಿ. ಈ ವಾರವೇ ಆದರೆ ಒಳ್ಳೆಯದು, ಮಳೆಗಾಲದಲ್ಲಿ ಮಿರ್ಚಿ ವ್ಯಾಪಾರ ಜಾಸ್ತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್